ಲ್ಯಾಬ್ ಕಟ್ಟುವ ಮೊದಲು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೈಸ್ಕೂಲ್ ವಿಜ್ಞಾನದ ಲ್ಯಾಬ್ ಮಾಡುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಎರಡು ಸಾಲು ಹಾಕಿದ್ದೆ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಆರ್ಕಿಟೆಕ್ಟ್ ಅಲ್ಲ. ವಿಜ್ಞಾನದ ಮೇಷ್ಟ್ರಾಗಿದ್ದವನು. ಕೆಟ್ಟ ಲ್ಯಾಬಿನಲ್ಲಿ ಪಾಠ ಮಾಡಿದ್ದೇನೆ, ಒಂದನ್ನು ನಾನೇ ಕೆಟ್ಟದಾಗಿ ಕಟ್ಟಿಸಿದ್ದೇನೆ. ಅದರ ಕತೆಯೂ ಕೆಳಗೆ ಬರುತ್ತದೆ.

ಪ್ರಶ್ನೆ: ಸರ್, ನಮ್ಮದು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆ. ಹಳೆ ವಿದ್ಯಾರ್ಥಿಗಳು ಸೇರಿ ಲ್ಯಾಬ್ ಮಾಡಿಕೊಡುತ್ತೇವೆ ಅಂದಿದ್ದಾರೆ. ಅಕ್ಕಪಕ್ಕದ ಎರಡು ಕೋಣೆ ಖಾಲಿ ಇವೆ. ಎರಡೂ 20ಕ್ಕೆ 30 ಅಡಿ. ಫಿಸಿಕ್ಸ್‌ಗೆ ಒಂದು, ಕೆಮಿಸ್ಟ್ರಿ ಮತ್ತು ಬಯಾಲಜಿಗೆ ಒಂದು ಅಂತ ಮಾಡೋಣವೇ? ಫೆಬ್ರವರಿ 28ರ ವಿಜ್ಞಾನ ದಿನಕ್ಕೇ ಉದ್ಘಾಟನೆ ಆಗಬೇಕು ಅಂತ ಅವರು ಹಟ ಹಿಡಿದಿದ್ದಾರೆ. ತರಗತಿಯಲ್ಲಿ 40ರ ಮೇಲೆ ಮಕ್ಕಳಿದ್ದಾರೆ.
(ಒಬ್ಬ ಮುಖ್ಯ ಶಿಕ್ಷಕಿ)

ಉತ್ತರ: ಮೇಡಂ, ಉದ್ಘಾಟನೆ ಆಮೇಲೆ ನೋಡೋಣ. ಮೊದಲು ಎಂಟು, ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆದುಕೊಂಡು ಕೂತುಕೊಳ್ಳಿ. ಮಕ್ಕಳ ಕೈಯಲ್ಲೇ ಮಾಡಿಸಬೇಕಾದ ಪ್ರಯೋಗಗಳನ್ನು ಒಂದೊಂದಾಗಿ ಬರೆಯಿರಿ. ಪ್ರತಿಯೊಂದರ ಮುಂದೆ ನಾಲ್ಕು ಗೆರೆ ಎಳೆದು, ನೀರು ಬೇಕಾ, ಬೆಂಕಿ ಬೇಕಾ, ಕರೆಂಟ್ ಬೇಕಾ, ಕತ್ತಲೆ ಬೇಕಾ ಅಂತ ಗುರುತು ಹಾಕಿ. ಒಂದು ಸಂಜೆಯ ಕೆಲಸ. ಆ ಹಾಳೆಯೇ ನಿಮ್ಮ ಪ್ಲಾನು.

ಅದನ್ನು ಮಾಡಿದಾಗ ಏನು ಗೊತ್ತಾಗುತ್ತದೆ ಅಂದರೆ, ನಾವು ಅಂದುಕೊಂಡಷ್ಟು ಕರೆಂಟ್ ಬೇಕಾಗುವುದೇ ಇಲ್ಲ. ಓಮನ ನಿಯಮಕ್ಕೆ ಒಂದೂವರೆ ವೋಲ್ಟಿನ ನಾಲ್ಕು ಸೆಲ್ ಸಾಕು. ಗಾಜಿನ ಹಲಗೆಯಲ್ಲಿ ಬೆಳಕು ಹೇಗೆ ಬಾಗುತ್ತದೆ ಅಂತ ನೋಡುವುದಕ್ಕೆ ಗುಂಡುಸೂಜಿ, ಡ್ರಾಯಿಂಗ್ ಬೋರ್ಡ್ ಸಾಕು. ಹಾಗಿದ್ದ ಮೇಲೆ ಪ್ರತಿ ಟೇಬಲ್ಲಿಗೂ 230 ವೋಲ್ಟಿನ ಸಾಕೆಟ್ ಯಾಕೆ? ಗೋಡೆಗೆ ನಾಲ್ಕೈದು ಇದ್ದರೆ ಆಯಿತು. ನೀರು ಮಾತ್ರ ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ಬೇಕು. ಎಲೆಯ ಸಿಪ್ಪೆ ತೆಗೆದು ಪತ್ರರಂಧ್ರ ನೋಡುವುದಕ್ಕೂ ನೀರು, ಆಸಿಡ್ ಪ್ರಯೋಗಕ್ಕೂ ನೀರು, ಕೊನೆಗೆ ಎಲ್ಲವನ್ನೂ ತೊಳೆಯುವುದಕ್ಕೂ ನೀರು.

ಹೈಸ್ಕೂಲಿಗೆ ಬೇರೆ ಬೇರೆ ಲ್ಯಾಬ್ ಬೇಡ. ಪಿಯುಸಿ ಮಾತು ಬೇರೆ. ನೀವು ಒಂದು ಕೋಣೆಯನ್ನು ಪೂರ್ತಿ ಲ್ಯಾಬ್ ಮಾಡಿ. ಇನ್ನೊಂದರಲ್ಲಿ ಹತ್ತು ಅಡಿಗೆ ಒಂದು ಅಡ್ಡಗೋಡೆ ಹಾಕಿ ಸ್ಟೋರ್ ಮಾಡಿ. ಸ್ಟೋರಿನಿಂದ ಲ್ಯಾಬಿಗೆ ನೇರ ಬಾಗಿಲು ಇರಲಿ. ಉಳಿದ 20ಕ್ಕೆ 20 ಅಡಿ ಜಾಗದಲ್ಲಿ ಬೆಂಚು, ಬೋರ್ಡು ಹಾಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಲ್ಲರೂ ಚದರಡಿ ಲೆಕ್ಕ ಹಾಕುತ್ತಾರೆ. ನಿಮಿಷದ ಲೆಕ್ಕ ಯಾರೂ ಹಾಕುವುದಿಲ್ಲ. 40 ನಿಮಿಷದ ಪೀರಿಯಡ್ ಅಂತ ಇಟ್ಟುಕೊಳ್ಳಿ. ಮಕ್ಕಳು ತರಗತಿಯಿಂದ ಬಂದು ನಿಲ್ಲುವುದಕ್ಕೆ ಐದು ನಿಮಿಷ. ಬೀರುವಿನ ಬೀಗ ತೆಗೆದು, ಅಮ್ಮೀಟರ್ ಹುಡುಕಿ, ವೈರ್ ಎಣಿಸಿ ಕೊಡುವಷ್ಟರಲ್ಲಿ ಹತ್ತು. ಮೂಲೆಯಲ್ಲಿರುವ ಒಂದೇ ನಲ್ಲಿಯ ಮುಂದೆ ಪ್ರನಾಳ ಹಿಡಿದು ಸಾಲು ನಿಲ್ಲುವುದಕ್ಕೆ ಇನ್ನೊಂದು ಹತ್ತು. ಉಳಿದದ್ದು 15 ನಿಮಿಷ. ಇದನ್ನು ಎರಡು ಸಲ ಮಾಡಿದ ಮೇಷ್ಟ್ರು ಮೂರನೇ ಸಲ ‘ಬೋರ್ಡ್ ಮೇಲೇ ಚಿತ್ರ ಬರೆದುಬಿಡೋಣ’ ಅನ್ನುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ನಾನೂ ಹಾಗೇ ಮಾಡಿದ್ದೇನೆ.

ಅದಕ್ಕೇ ಸ್ಟೋರು. ಅಲ್ಲಿ ಗಾಜಿನ ಬಾಗಿಲಿನ ಬೀರು ಬೇಡ, ತೆರೆದ ಕಪಾಟು ಇರಲಿ. ಕಪಾಟಿನಲ್ಲಿ ಪ್ಲಾಸ್ಟಿಕ್ ಟ್ರೇಗಳು. ಒಂದು ಟ್ರೇ ಅಂದರೆ ಒಂದು ಟೇಬಲ್ಲಿಗೆ ಒಂದು ಪ್ರಯೋಗಕ್ಕೆ ಬೇಕಾದ ಸಾಮಾನು ಪೂರ್ತಿ. ಓಮನ ನಿಯಮದ ಟ್ರೇ ಅಂದರೆ ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, ರೋಧಕದ ತಂತಿ, ಕೀ (ಸರ್ಕ್ಯೂಟಿನ ಸ್ವಿಚ್), ಸೆಲ್ ಹಾಕುವ ಡಬ್ಬಿ, ಏಳೆಂಟು ವೈರು, ಒಂದು ತುಂಡು ಮರಳು ಕಾಗದ (ವೈರಿನ ತುದಿ ಉಜ್ಜದಿದ್ದರೆ ಮುಳ್ಳು ಅಲ್ಲಾಡುವುದೇ ಇಲ್ಲ, ಅದನ್ನು ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ). ಟ್ರೇ ಹೊರಮೈಗೆ ಒಳಗಿನ ಸಾಮಾನಿನ ಒಂದು ಫೋಟೋ ಅಂಟಿಸಿ. ವಾಪಸ್ ಇಡುವಾಗ ಮಕ್ಕಳೇ ಫೋಟೋ ನೋಡಿ ಹೊಂದಿಸುತ್ತಾರೆ, ಏನು ಕಾಣೆಯಾಗಿದೆ ಅಂತ ಅವರೇ ಹೇಳುತ್ತಾರೆ.

ಲ್ಯಾಬ್ ಕೋಣೆಯಲ್ಲಿ ಒಂದು ಉದ್ದ ಗೋಡೆಗೂ ಹಿಂದಿನ ಗೋಡೆಗೂ ಎರಡಡಿ ಅಗಲದ ಕಲ್ಲಿನ ಕಟ್ಟೆ ಮಾಡಿ. ಸಿಂಕ್, ನಲ್ಲಿ, ಸಾಕೆಟ್ ಎಲ್ಲ ಅದರ ಮೇಲೇ ಇರಲಿ, ಆದರೆ ನಲ್ಲಿಗೂ ಸಾಕೆಟ್ಟಿಗೂ ದೂರ ಇರಲಿ. ನಾಲ್ಕು ಸಿಂಕ್ ಇದ್ದರೆ ಸಾಲು ನಿಲ್ಲುವ ಗೋಜಿಲ್ಲ. ನಡುವೆ ಐದಡಿ ಉದ್ದ, ಎರಡೂವರೆ ಅಡಿ ಅಗಲದ ಆರು ಟೇಬಲ್, ಮೂರು ಮೂರರ ಎರಡು ಸಾಲು. ಹೀಗೆ ಮಾಡಿದರೆ ಮುಂದೆ ಬೋರ್ಡ್ ಹತ್ತಿರ ಏಳಡಿ, ಸಾಲುಗಳ ಪಕ್ಕ ನಾಲ್ಕಡಿ ದಾರಿ ಉಳಿಯುತ್ತದೆ. ಟೇಬಲ್ಲಿಗೆ ನಾಲ್ಕು ಮಕ್ಕಳಂತೆ 24 ಜನ. ನಾಲ್ವರಲ್ಲಿ ಇಬ್ಬರು ಮಾಡುತ್ತಾರೆ, ಒಬ್ಬರು ಬರೆಯುತ್ತಾರೆ, ಒಬ್ಬರು ನೋಡುತ್ತಾರೆ. ಏಳು ಜನ ಆದರೆ ಇಬ್ಬರು ಮಾಡಿ ಐದು ಜನ ಹರಟೆ ಹೊಡೆಯುತ್ತಾರೆ, ಅಷ್ಟೆ ವ್ಯತ್ಯಾಸ. ಉಳಿದ ಅರ್ಧ ತರಗತಿ ಪಕ್ಕದ 20ಕ್ಕೆ 20ರ ಕೋಣೆಯಲ್ಲಿ ಚಿತ್ರ ಬರೆಯಲಿ, ರೆಕಾರ್ಡ್ ತುಂಬಲಿ. ಅಡ್ಡಗೋಡೆಗಳಿಗೆ ಗಾಜಿನ ಕಿಟಕಿ ಇಡಿಸಿದರೆ ಒಬ್ಬರೇ ಟೀಚರ್ ಎರಡೂ ಕಡೆ ಕಣ್ಣಿಡಬಹುದು.

ಈಗ ನನ್ನ ತಪ್ಪು. ಬಹಳ ವರ್ಷದ ಹಿಂದೆ ನಾನಿದ್ದ ಶಾಲೆಯಲ್ಲಿ ಲ್ಯಾಬ್ ಆಯಿತು. ಟೇಬಲ್ ಅಲ್ಲಾಡಬಾರದು ಅಂತ ಹಟ ಮಾಡಿ ಕೋಣೆಯ ನಡುವೆ ಇಟ್ಟಿಗೆ ಕಟ್ಟೆಗಳನ್ನೇ ಕಟ್ಟಿಸಿದೆ. ಅಲ್ಲಾಡಲಿಲ್ಲ, ನಿಜ. ಮುಂದೆ ಎಂದೂ ಅಲ್ಲಾಡಲಿಲ್ಲ. ಮಕ್ಕಳ ಸಂಖ್ಯೆ ಬದಲಾಯಿತು, ಪಠ್ಯ ಬದಲಾಯಿತು, ಪ್ರೊಜೆಕ್ಟರ್ ಬಂತು, ಕಟ್ಟೆಗಳು ಮಾತ್ರ ಸಮಾಧಿಗಳ ಹಾಗೆ ಸಾಲಾಗಿ ಇದ್ದವು. ಒಡೆಸಲು ಕಟ್ಟಿಸಿದ್ದಕ್ಕಿಂತ ಜಾಸ್ತಿ ದುಡ್ಡು ಕೇಳಿದರು. ನೀರು, ಕರೆಂಟು ಗೋಡೆಗೆ ಇರಲಿ ಮೇಡಂ, ನಡುವೆ ಇರುವುದೆಲ್ಲ ಎತ್ತಿ ಸರಿಸುವ ಹಾಗಿರಲಿ.

ಪ್ರಶ್ನೆ: ನಾನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ತುಮಕೂರು ಕಡೆಯವನು. ಲ್ಯಾಬ್ ಕಟ್ಟೆಗೆ ಕಡಪ ಕಲ್ಲು ಹಾಕಿದರೆ ಸಾಕು, ಗ್ರಾನೈಟ್ ಸುಮ್ನೆ ಶೋಕಿ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ರೇಟಿನಲ್ಲಿ ವ್ಯತ್ಯಾಸ ಇದೆ. ಯಾವುದು ಸರಿ?

ಉತ್ತರ: ಅಡುಗೆಮನೆ ಕಟ್ಟೆಗಾದರೆ ಮೇಸ್ತ್ರಿ ಹೇಳಿದ್ದಕ್ಕೆ ತಲೆ ಆಡಿಸುತ್ತಿದ್ದೆ. ಲ್ಯಾಬಿಗೆ ಬೇಡ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಶಹಾಬಾದ್ ಕಲ್ಲೂ ಅದೇ. ಆಸಿಡ್ ಬಿದ್ದರೆ ಬುರುಬುರು ನೊರೆ ಬಂದು ಕಲ್ಲು ತಿಂದುಹೋಗುತ್ತದೆ. ಹತ್ತನೇ ತರಗತಿ ಪುಸ್ತಕದಲ್ಲಿ ಕಾರ್ಬೊನೇಟ್ ಮೇಲೆ ಆಸಿಡ್ ಹಾಕಿದರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅಂತ ಓದುತ್ತಾರಲ್ಲ, ಆ ಪ್ರಯೋಗವನ್ನು ನಿಮ್ಮ ಕಟ್ಟೆಯೇ ವರ್ಷವಿಡೀ ಮಾಡುತ್ತಿರುತ್ತದೆ. ನನ್ನ ಇಟ್ಟಿಗೆ ಕಟ್ಟೆಗಳ ಮೇಲೆ ಹಾಕಿದ್ದೂ ಕಡಪವೇ. ಎರಡು ವರ್ಷದಲ್ಲಿ ಬಾಟಲಿ ಇಟ್ಟಲ್ಲೆಲ್ಲ ಬಿಳಿ ಬಳೆ ಬಳೆ ಗುರುತು.

ಗ್ರಾನೈಟಿಗೆ ಲ್ಯಾಬಿನ ಆಸಿಡ್ ಏನೂ ಮಾಡುವುದಿಲ್ಲ. ಶೋಕಿಯ ಪಾಲಿಶ್ ಗ್ರಾನೈಟೇ ಬೇಕಂತಿಲ್ಲ. ದೇವನಹಳ್ಳಿ ಕಡೆಯ ಬೂದು ಸಾದರಹಳ್ಳಿ ಕಲ್ಲೂ ಗ್ರಾನೈಟೇ, ಇಳಕಲ್ಲಿನ ಕೆಂಪು ಕಲ್ಲೂ ಗ್ರಾನೈಟೇ. ಬಣ್ಣ ತಿಳಿಯಾಗಿದ್ದರೆ ಒಳ್ಳೆಯದು, ಚೆಲ್ಲಿದ್ದು ಕಣ್ಣಿಗೆ ಕಾಣುತ್ತದೆ. ಅಂಗಡಿಯವರು ಏನೇ ಹೆಸರು ಹೇಳಲಿ, ಒಂದು ಚೂರು ಕಲ್ಲು ಕೇಳಿ ತನ್ನಿ. ನಿಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿಸಿ. ನೊರೆ ಬಂದರೆ ಆ ಕಲ್ಲು ಬೇಡ. ದುಡ್ಡು ಸಾಲದಿದ್ದರೆ ವಿಟ್ರಿಫೈಡ್ ಟೈಲ್ಸ್ ಕೂಡ ಆದೀತು, ಆದರೆ ಸಂದಿಗೆ ಸಿಮೆಂಟ್ ತುಂಬಬೇಡಿ. ಆಸಿಡ್ ಮೊದಲು ಅದನ್ನೇ ತಿನ್ನುವುದು. ಎಪಾಕ್ಸಿ ಅಂತ ಗಟ್ಟಿ ಅಂಟು ಬರುತ್ತದೆ, ಅದನ್ನು ತುಂಬಿಸಿ.

ಸಿಂಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಟೀಲ್ ಸಿಂಕ್ ಬೇಡ. ಹೈಡ್ರೋಕ್ಲೋರಿಕ್ ಆಸಿಡ್ ಅದರಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತದೆ. ಪಿಂಗಾಣಿ ಅಥವಾ ಗಟ್ಟಿ ಪ್ಲಾಸ್ಟಿಕ್ ಸಿಂಕ್, ಪಿವಿಸಿ ಪೈಪು. ಆ ಪೈಪನ್ನು ನೇರ ಚರಂಡಿಗೋ ಶಾಲೆಯ ಬಾಳೆಗಿಡದ ಬುಡಕ್ಕೋ ಬಿಡುತ್ತಾರೆ. ಹಾಗೆ ಮಾಡಬೇಡಿ. ಹೊರಗೆ ಒಂದು ಸಣ್ಣ ತೊಟ್ಟಿ ಮಾಡಿ ಅದರೊಳಗೆ ಸುಣ್ಣದ ಕಲ್ಲಿನ ಚೂರು ತುಂಬಿಸಿ. ಆಸಿಡ್ ನೀರು ಅದರ ಮೂಲಕ ಹಾದು ಸೌಮ್ಯವಾಗಿ ಹೊರಗೆ ಹೋಗುತ್ತದೆ. ಮೇಸ್ತ್ರಿಗೆ ಬೇಜಾರಾಗದಿರಲಿ, ಕಡಪ ಚೂರುಗಳನ್ನು ಅಲ್ಲಿಗೆ ಹಾಕಿಸಿ. ಮೈಲುತುತ್ತ, ಅದೇ ಕಾಪರ್ ಸಲ್ಫೇಟ್, ಅಂಥದ್ದೆಲ್ಲ ಈ ತೊಟ್ಟಿಯಿಂದ ಸರಿಹೋಗುವುದಿಲ್ಲ. ಅದನ್ನು ಬೇರೆ ಕ್ಯಾನಿನಲ್ಲಿ ಕೂಡಿಡಬೇಕು.

ಪ್ರಶ್ನೆ: ಉತ್ತರ ಕನ್ನಡದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಜೂನ್ ಬಂತೆಂದರೆ ನಮ್ಮ ಲ್ಯಾಬ್ ಅಣಬೆ ಬೆಳೆಯುವ ಕೋಣೆ. ಮೈಕ್ರೋಸ್ಕೋಪ್ ಲೆನ್ಸಿಗೆ ಬೂಸ್ಟು, ಸ್ಟ್ಯಾಂಡುಗಳಿಗೆ ತುಕ್ಕು. ಈ ವರ್ಷ ದುರಸ್ತಿಗೆ ಸ್ವಲ್ಪ ದುಡ್ಡು ಬಂದಿದೆ. ಎಲ್ಲಿ ಖರ್ಚು ಮಾಡಲಿ?

ಉತ್ತರ: ಮೊದಲ ಖರ್ಚು ಛಾವಣಿಗೆ, ಪಶ್ಚಿಮ ದಿಕ್ಕಿನ ಗೋಡೆಗೆ. ನಿಮ್ಮಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ನೈಋತ್ಯದಿಂದ ಅಡ್ಡ ಹೊಡೆಯುತ್ತದೆ. ಆ ಕಡೆ ಕಿಟಕಿಯ ಸಜ್ಜಾ ಉದ್ದ ಮಾಡಿಸಿ. ಸ್ವಿಚ್ ಬೋರ್ಡ್ ಆ ಗೋಡೆಯಲ್ಲಿದ್ದರೆ ಇವತ್ತೇ ಒಳಗಿನ ಗೋಡೆಗೆ ಬದಲಾಯಿಸಿ. ಕಪಾಟುಗಳನ್ನು ಹೊರಗೋಡೆಗೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ.

ತುಕ್ಕಿಗೆ ಮಳೆ ಒಂದೇ ಕಾರಣ ಅಲ್ಲ. ನಿಮ್ಮ ಹೈಡ್ರೋಕ್ಲೋರಿಕ್ ಆಸಿಡ್ ಬಾಟಲಿ ಎಲ್ಲಿದೆ ನೋಡಿ. ಸ್ಟ್ಯಾಂಡು, ಇಕ್ಕಳ, ಅಮ್ಮೀಟರ್ ಇರುವ ಬೀರುವಿನಲ್ಲೇ ಇದೆಯಾ? ಮುಚ್ಚಳ ಎಷ್ಟೇ ಬಿಗಿ ಇದ್ದರೂ ಅದರ ಹೊಗೆ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ, ಕಬ್ಬಿಣ ಕಂಡರೆ ಬಿಡುವುದಿಲ್ಲ. ಆಸಿಡ್ ಬೇರೆ ಕಪಾಟಿಗೆ ಹೋಗಲಿ, ಕೆಳಗಿನ ಅರೆಯಲ್ಲಿ, ಒಂದು ಪ್ಲಾಸ್ಟಿಕ್ ಬೇಸಿನ್ ಒಳಗೆ ಕೂರಲಿ. ಅಮೋನಿಯಾ ಬಾಟಲಿ ಅದರ ಪಕ್ಕ ಬೇಡ. ಎರಡರ ಹೊಗೆ ಸೇರಿದರೆ ಕಪಾಟಿನೊಳಗೆಲ್ಲ ಬಿಳಿ ಪುಡಿ. ನೈಟ್ರಿಕ್ ಆಸಿಡ್ ಸ್ಪಿರಿಟ್ಟಿನಿಂದ ದೂರ ಇರಲೇಬೇಕು. ಅಕ್ಷರಮಾಲೆ ಪ್ರಕಾರ ಬಾಟಲಿ ಜೋಡಿಸಿ ಅಂತ ಯಾರಾದರೂ ಇನ್‌ಸ್ಪೆಕ್ಷನ್‌ಗೆ ಬಂದವರು ಹೇಳಿದರೆ ನಕ್ಕು ಸುಮ್ಮನಾಗಿ. ಲೇಬಲ್ ಮೇಲೆ ಅಗಲದ ಸೆಲೋಟೇಪ್ ಹಾಕಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಯಾವ ಬಾಟಲಿಯಲ್ಲಿ ಏನಿದೆ ದೇವರಿಗೇ ಗೊತ್ತು.

ಮೈಕ್ರೋಸ್ಕೋಪಿಗೆ ಒಂದು ಸಣ್ಣ ಬಾಗಿಲಿನ ಕಪಾಟು, ಒಳಗೆ ಕೆಳಭಾಗದಲ್ಲಿ ಒಂದು 15 ವ್ಯಾಟಿನ ಹಳೇ ಕಾಲದ ಬಲ್ಬು. ಎಲ್‌ಇಡಿ ಅಲ್ಲ, ನಮಗೆ ಬೇಕಾದ್ದು ಬೆಳಕಲ್ಲ, ಬಿಸಿ. ಬಲ್ಬಿಗೆ ಬಟ್ಟೆ ಕಾಗದ ತಾಗದಂತೆ ಒಂದು ಜಾಲರಿ ಇರಲಿ. ಶಾಲೆಯಲ್ಲಿ ಯಾರೂ ಇಲ್ಲದ ರಾತ್ರಿ ಉರಿಸುವುದು ಬೇಡ ಅನ್ನಿಸಿದರೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ. ನೀಲಿ ಹರಳು ತೇವ ಕುಡಿದು ಗುಲಾಬಿಯಾಗುತ್ತದೆ. ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ, ಹಾಗಾಗಿ ಬಿಸಿಯೂಟದ ಬಾಣಲೆ ತರಬೇಡಿ.

ಇನ್ನೊಂದು ಸಣ್ಣ ವಿಷಯ. ದುರಸ್ತಿ ಹೆಸರಲ್ಲಿ ಎಲ್ಲ ಕಿಟಕಿಗೂ ಮಬ್ಬು ಗಾಜು ಹಾಕಿಸಬೇಡಿ. ದೂರದ ಮರ ಕಾಣುವ ಒಂದು ಕಿಟಕಿ ಬೇಕು. ಪೀನ ಮಸೂರದ ಸಂಗಮ ದೂರ ಕಂಡುಹಿಡಿಯುವಾಗ ಆ ಮರ ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ, ಹಸಿರಾಗಿ, ಗಾಳಿಗೆ ಅಲ್ಲಾಡುತ್ತಾ ಬೀಳುತ್ತದೆ. ಹಾಳೆ ಹಿಡಿದ ಮಗು ಕಿಟಕಿಯಿಂದ ದೂರ, ಕೋಣೆಯ ಕತ್ತಲ ಕಡೆ ನಿಲ್ಲಬೇಕು. ಎಷ್ಟೋ ಮಕ್ಕಳು ಹಾಳೆಯ ಹಿಂದೆ ಇಣುಕಿ ನೋಡುತ್ತಾರೆ, ಮರ ಎಲ್ಲಿಂದ ಬಂತು ಅಂತ.

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಮಗಳು ಒಂಬತ್ತನೇ ಕ್ಲಾಸ್. ಸ್ಪಿರಿಟ್ ಲ್ಯಾಂಪಿನಿಂದ ಒಬ್ಬ ಹುಡುಗಿಯ ತೋಳಿನ ಬಟ್ಟೆಗೆ ಬೆಂಕಿ ತಾಗಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ಪ್ರಾಕ್ಟಿಕಲ್ಸೇ ನಿಲ್ಲಿಸಿದ್ದಾರೆ, ವಿಡಿಯೋ ತೋರಿಸುತ್ತಾರೆ. ನಾವು ಪೋಷಕರು ಏನು ಕೇಳಬೇಕು?

ಉತ್ತರ: ನಿಲ್ಲಿಸುವುದು ಸುಲಭ ಅಲ್ವಾ? ನೀವು ಮೀಟಿಂಗಿನಲ್ಲಿ ಜಗಳ ಮಾಡಬೇಡಿ, ‘ನಾವು ಒಂದು ಸಲ ಲ್ಯಾಬ್ ನೋಡಬಹುದೇ’ ಅಂತ ಕೇಳಿ. ಹೋದಾಗ ಮೊದಲು ತಲೆ ಎತ್ತಿ ಫ್ಯಾನ್ ನೋಡಿ. ಸೀಲಿಂಗ್ ಫ್ಯಾನ್ ಸರಿಯಾಗಿ ಟೇಬಲ್ ಮೇಲೇ ಇದ್ದರೆ ಜ್ವಾಲೆ ಬಾಗಿ ಪಕ್ಕದ ಮಗುವಿನ ಕಡೆ ಹೋಗುತ್ತದೆ. ಫ್ಯಾನ್ ನಿಲ್ಲಿಸಿದರೆ 40 ಮಕ್ಕಳು ಬೆವರಿ ಒದ್ದಾಡುತ್ತಾರೆ. ಫ್ಯಾನುಗಳು ಓಡಾಡುವ ದಾರಿಯ ಮೇಲೆ ಇರಬೇಕು, ಪ್ರತಿ ಸಾಲಿಗೂ ಬೇರೆ ಸ್ವಿಚ್ ಇರಬೇಕು. ಸ್ಪಿರಿಟ್ ಜ್ವಾಲೆ ಬಿಸಿಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಆರಿದೆ ಅಂದುಕೊಂಡು ಕೈ ಚಾಚುತ್ತಾರೆ. ಹಾಗಾಗಿ ಬಿಸಿಲು ಬೀಳುವ ಕಿಟಕಿ ಪಕ್ಕ ಬೆಂಕಿಯ ಕೆಲಸ ಬೇಡ. ಉರಿಯುತ್ತಿರುವ ಲ್ಯಾಂಪಿಗೆ ಸ್ಪಿರಿಟ್ ತುಂಬಿಸುವುದಂತೂ ಬೇಡವೇ ಬೇಡ.

ಆಮೇಲೆ ಬಾಗಿಲು. ಎರಡು ಬಾಗಿಲು ಇವೆಯೇ, ಎರಡರ ಚಿಲಕವೂ ತೆಗೆದಿದೆಯೇ, ಹೊರಕ್ಕೆ ತೆರೆಯುತ್ತವೆಯೇ. ಎರಡನೇ ಬಾಗಿಲ ಮುಂದೆ ಮುರಿದ ಬೆಂಚು ಪೇರಿಸಿರುವುದನ್ನು ನಾನು ಎಷ್ಟು ಕಡೆ ನೋಡಿದ್ದೇನೋ. ಗ್ಯಾಸ್ ಇದ್ದರೆ ಸಿಲಿಂಡರ್ ಹೊರಗೆ ಇರಬೇಕು, ಮೇಷ್ಟ್ರ ಕೈಗೆಟಕುವ ಕಡೆ ಒಂದು ಮುಖ್ಯ ವಾಲ್ವ್ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಮೇಲಿನ ವೆಂಟಿಲೇಟರ್ ಅದಕ್ಕೆ ಪ್ರಯೋಜನ ಇಲ್ಲ, ನೆಲದ ಮಟ್ಟದಲ್ಲೂ ಜಾಲರಿ ಬೇಕು. ಎಕ್ಸಾಸ್ಟ್ ಫ್ಯಾನ್ ಪಕ್ಕದಲ್ಲೇ ಕಿಟಕಿ ತೆರೆದಿದ್ದರೆ ಅದು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತಾ ಕೂತಿರುತ್ತದೆ, ಕೋಣೆಯ ಹೊಗೆ ಕೋಣೆಯಲ್ಲೇ. ಎದುರು ಗೋಡೆಯ ಕಿಟಕಿ ತೆರೆಯಬೇಕು.

ಕಣ್ಣಿಗೆ ಏನಾದರೂ ಸಿಡಿದರೆ ಹದಿನೈದು ನಿಮಿಷ ನೀರು ಹಾಕುತ್ತಲೇ ಇರಬೇಕು, ಮಗ್ಗಿನಲ್ಲಿ ಆಗುವ ಕೆಲಸ ಅಲ್ಲ. ಒಂದು ನಲ್ಲಿಗೆ ಮೆತ್ತನೆ ರಬ್ಬರ್ ಪೈಪ್ ಸಿಕ್ಕಿಸಿಟ್ಟಿರಲಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ಇರಲಿ, ಒಳಗಿನ ಮೂಲೆಯಲ್ಲಿ ಅಲ್ಲ. ಅದನ್ನು ತರಲು ಬೆಂಕಿ ದಾಟಿ ಹೋಗುವ ಹಾಗಾಗಬಾರದು. ಜೊತೆಗೆ ಮರಳಿನ ಬಕೆಟ್. ಅದರಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ ಇರಬಾರದು, ಇದ್ದೇ ಇರುತ್ತದೆ. ಮಗಳಿಗೆ ಹೇಳಿ, ಪ್ರಾಕ್ಟಿಕಲ್ಸ್ ದಿನ ಜಡೆ ಕಟ್ಟಿ, ತೋಳು ಮಡಚಿಕೊಳ್ಳಲಿ. ಕಣ್ಣು ಕಾಯುವ ಲ್ಯಾಬ್ ಕನ್ನಡಕ ಶಾಲೆಯೇ ಕೊಡಬೇಕು. ಬಿಸಿ ಮಾಡುವ ಅರ್ಧ ಕೆಲಸಗಳಿಗೆ ಎಲೆಕ್ಟ್ರಿಕ್ ಹಾಟ್ ಪ್ಲೇಟ್ ಕೂಡ ನಡೆಯುತ್ತದೆ, ಅದನ್ನು ಕೇಳಿ ನೋಡಿ.

ಪ್ರಶ್ನೆ: ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳೇ ಬಿಚ್ಚಿ, ಜೋಡಿಸಿ ಕಲಿಯಲಿ ಅಂತ ಕೇಂದ್ರ ಸರ್ಕಾರ ಕೊಡುವ ಲ್ಯಾಬ್) ಬಂದಿದೆ, ನಾನು ಅದರ ಇನ್‌ಚಾರ್ಜ್. ಊರು ಕಲಬುರಗಿ ಕಡೆ. ಕಂಪ್ಯೂಟರ್ ರೂಮನ್ನೇ ಲ್ಯಾಬ್ ಮಾಡಿದೆವು. ತ್ರೀಡಿ ಪ್ರಿಂಟರ್ ಆರು ತಿಂಗಳಿಂದ ಕೆಟ್ಟು ಕೂತಿದೆ. ಮಕ್ಕಳು ಬಂದು ನೋಡಿ ಹೋಗುತ್ತಾರೆ. ಎಲ್ಲಿ ತಪ್ಪಾಯಿತು?

ಉತ್ತರ: ಸರ್, ಒಂದೇ ಕೋಣೆಯಲ್ಲಿ ಗರಗಸ, ಸೋಲ್ಡರಿಂಗ್, ಪ್ರಿಂಟರ್ ಮೂರೂ ಅಕ್ಕಪಕ್ಕ ಇಟ್ಟಿದ್ದೀರಾ? ಅಲ್ಲೇ ತಪ್ಪಿರಬಹುದು. ನಿಮ್ಮ ಕಡೆಯ ಧೂಳು ಬೇರೆ, ಅದರ ಜೊತೆ ಪ್ಲೈವುಡ್ ಕೊಯ್ದ ಪುಡಿ ಸೇರಿದರೆ ಪ್ರಿಂಟರಿನ ನಳಿಕೆ ಕಟ್ಟಿಕೊಳ್ಳುತ್ತದೆ.

2016ರಲ್ಲಿ ಈ ಯೋಜನೆ ಶುರುವಾದಾಗಲೇ 1,500 ಚದರಡಿ ಜಾಗ ಕೇಳಿದ್ದು ಸುಮ್ನೆ ಅಲ್ಲ. ಕೊಟ್ಟ 20 ಲಕ್ಷದಲ್ಲಿ ಅರ್ಧ ಸಾಮಾನು ತರುವುದಕ್ಕೆ, ಇನ್ನರ್ಧ ಐದು ವರ್ಷ ನಡೆಸುವುದಕ್ಕೆ ಅಂತ. ಬಹಳ ಕಡೆ ಮೊದಲ ಅರ್ಧ ಬಂದ ದಿನವೇ ಲ್ಯಾಬ್ ಆಯಿತು ಅಂದುಕೊಂಡು ಟೇಪ್ ಕತ್ತರಿಸಿಬಿಡುತ್ತಾರೆ. ಕೋಣೆಯನ್ನು ಮೂರು ಪಾಲು ಮಾಡಿ. ಬಾಗಿಲ ಹತ್ತಿರ ಕೊಯ್ಯುವ, ತೂತು ಕೊರೆಯುವ ಗಲೀಜು ಕೆಲಸ, ಸಾಧ್ಯವಾದರೆ ಜಗುಲಿಗೇ ತಳ್ಳಿ. ಕಿಟಕಿ ಪಕ್ಕ ಸೋಲ್ಡರಿಂಗ್, ಹೊಗೆ ಹೊರಗೆ ಹೋಗಲಿ. ದೂರದ ಗೋಡೆಗೆ ಕಂಪ್ಯೂಟರ್, ಪ್ರಿಂಟರ್. ಪ್ರಿಂಟರಿನ ಪ್ಲಾಸ್ಟಿಕ್ ದಾರ ತೇವ ಹೀರಿಕೊಂಡರೆ ಚಟಪಟ ಅನ್ನುತ್ತಾ ಕೆಟ್ಟದಾಗಿ ಬರುತ್ತದೆ, ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿಡಿ.

ಸಾಕೆಟ್ಟುಗಳು ಸೊಂಟದ ಎತ್ತರದಲ್ಲಿ ಇರಲಿ. ನೆಲದ ಮೇಲೆ ಎಕ್ಸ್‌ಟೆನ್ಶನ್ ಬಾಕ್ಸ್ ಹರಿದಾಡುತ್ತಿದ್ದರೆ ಯಾರೋ ಎಡವಿ ಬಿಸಿ ಸೋಲ್ಡರಿಂಗ್ ಐರನ್ ಮೈಮೇಲೆ ಬೀಳಿಸಿಕೊಳ್ಳುತ್ತಾರೆ. ಐರನ್‌ಗಳಿಗೆಲ್ಲ ಒಂದೇ ಬೇರೆ ಲೈನು, ಅದಕ್ಕೆ ಬಾಗಿಲ ಹೊರಗೆ ಒಂದು ಕೆಂಪು ಇಂಡಿಕೇಟರ್. ಸಂಜೆ ಬೀಗ ಹಾಕುವಾಗ ಕೆಂಪು ಕಂಡರೆ ಒಳಗೆ ಏನೋ ಉರಿಯುತ್ತಿದೆ ಅಂತ ಲೆಕ್ಕ. ಇಡೀ ಕೋಣೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಸರಿ ಇದೆಯೇ ಅಂತ ಒಮ್ಮೆ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ವೈರನ್ನು ಕಾಯುತ್ತದೆ, ಮಗುವನ್ನು ಕಾಯುವುದು ಆರ್‌ಸಿಸಿಬಿ.

ಮಕ್ಕಳು ನೋಡಿ ಹೋಗುತ್ತಾರೆ ಅಂದಿರಿ. ಅವರ ಅರ್ಧ ಮಾಡಿದ ಕೆಲಸ ಇಡಲು ಕಪಾಟು ಇದೆಯೇ? ಇಲ್ಲಿನ ಕೆಲಸ 40 ನಿಮಿಷದಲ್ಲಿ ಮುಗಿಯುವುದಲ್ಲ, ವಾರಗಟ್ಟಲೆ ಎಳೆಯುತ್ತದೆ. ಹೋದ ವಾರ ಅಂಟಿಸಿದ ಚಕ್ರ ಈ ವಾರ ಬಂದಾಗ ಯಾರೋ ಗುಡಿಸಿ ಎಸೆದಿದ್ದರೆ ಆ ಮಗು ಮತ್ತೆ ಬರುವುದಿಲ್ಲ. ಗುಂಪಿಗೊಂದು ರಟ್ಟಿನ ಪೆಟ್ಟಿಗೆ ಕೊಡಿ, ಹೆಸರು ಬರೆಯಿಸಿ. ಇನ್ನೊಂದು ದೊಡ್ಡ ಪೆಟ್ಟಿಗೆಗೆ ಊರಿನ ಗುಜರಿ ತುಂಬಿಸಿ. ಹಳೇ ಮಿಕ್ಸಿ ಮೋಟರು, ಆಟಿಕೆ ಕಾರು, ಸೈಕಲ್ ಡೈನಮೋ. ಹೊಸ ಕಿಟ್ ಮುಟ್ಟಲು ಮಕ್ಕಳು ಹೆದರುತ್ತಾರೆ, ಮೇಷ್ಟ್ರು ಅವರಿಗಿಂತ ಜಾಸ್ತಿ ಹೆದರುತ್ತಾರೆ. ಗುಜರಿ ಬಿಚ್ಚಲು ಯಾರಿಗೂ ಹೆದರಿಕೆ ಇಲ್ಲ. ಪ್ಲಗ್ ಮಾತ್ರ ಮೊದಲೇ ಕತ್ತರಿಸಿಟ್ಟಿರಿ.

ಪ್ರಶ್ನೆ: ಮಂಡ್ಯದಿಂದ. ಎಂಟನೇ ತರಗತಿಗೆ ವ್ಹೀಲ್‌ಚೇರ್ ಮೇಲೆ ಬರುವ ಒಬ್ಬ ಹುಡುಗ ಸೇರಿದ್ದಾನೆ. ಲ್ಯಾಬ್ ಟೇಬಲ್ ಅವನ ಗಲ್ಲದ ಎತ್ತರಕ್ಕಿದೆ. ಅವನಿಗೆ ಬೇರೆ ಟೇಬಲ್ ಮಾಡಿಸಬೇಕೇ?

ಉತ್ತರ: ಮೂಲೆಯಲ್ಲಿ ಅವನಿಗೊಂದೇ ಟೇಬಲ್ ಬೇಡ. ನಿಂತು ಮಾಡುವ ಟೇಬಲ್ ಮೂರಡಿ ಇರುತ್ತದೆ. ಒಂದು ಟೇಬಲ್ಲಿನ ಕಾಲು ಕೊಯ್ಯಿಸಿ ಎರಡೂವರೆ ಅಡಿ ಮಾಡಿ, ಮೊಣಕಾಲು ಹೋಗುವಂತೆ ಕೆಳಗೆ ಅಡ್ಡಪಟ್ಟಿ ಇಲ್ಲದ ಹಾಗೆ ನೋಡಿ. ಆ ಟೇಬಲ್ಲಿನ ಇನ್ನು ಮೂವರು ಮಕ್ಕಳು ಸ್ಟೂಲ್ ಮೇಲೆ ಕೂತು ಮಾಡಲಿ. ಬಾಗಿಲಿಗೆ ಮೂರಡಿ ಬೇಕು. ರಾಂಪ್ ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ, ನಮ್ಮವರು ಜಾಗ ಉಳಿಸಲು ನಾಲ್ಕಡಿಯಲ್ಲಿ ಮುಗಿಸುತ್ತಾರೆ, ಅದು ಜಾರುಬಂಡೆ ಆಗುತ್ತದೆ. ನಲ್ಲಿಗೆ ತಿರುಗಿಸುವ ತಲೆ ತೆಗೆದು ಉದ್ದ ಹಿಡಿಕೆ ಇರುವುದನ್ನು ಹಾಕಿಸಿ.

ಪ್ರಶ್ನೆ: ನಾನು ಅಮೆರಿಕದಲ್ಲಿರುವ ಕನ್ನಡಿಗ. ಇಲ್ಲಿ ಮಗನ ಹೈಸ್ಕೂಲಿನಲ್ಲಿ ಪಾಠದ ಕೋಣೆ, ಲ್ಯಾಬ್ ಎರಡೂ ಒಂದೇ ದೊಡ್ಡ ಕೋಣೆಯಲ್ಲಿವೆ. ನಾನು ಓದಿದ ಹಳ್ಳಿ ಶಾಲೆಗೂ ಹಾಗೇ ಮಾಡಿಸಬೇಕು, ಇಲ್ಲಿಂದ ಕೆಲವು ಉಪಕರಣ ಕಳಿಸಬೇಕು ಅಂತ ಆಸೆ.

ಉತ್ತರ: ಆಸೆ ಒಳ್ಳೆಯದು. ಅಲ್ಲಿನ ವಿಜ್ಞಾನ ಶಿಕ್ಷಕರ ಸಂಘ ಎನ್‌ಎಸ್‌ಟಿಎ ಅಂತ ಇದೆಯಲ್ಲ, ಅವರ ಲೆಕ್ಕ ಒಂದು ಕೋಣೆಗೆ 24 ಮಕ್ಕಳು, ಮಗುವಿಗೆ 60 ಚದರಡಿ. ಅಂದರೆ 1,440 ಚದರಡಿ. ನಮ್ಮಲ್ಲಿ ಸಿಬಿಎಸ್‌ಇ ಶಾಲೆಯ ಲ್ಯಾಬಿಗೂ ಕನಿಷ್ಠ 600 ಚದರಡಿ ಅಂತ ನಿಯಮ, ಒಳಗೆ 40 ಮಕ್ಕಳು, ತಲೆಗೆ 15. ಆ ಕೋಣೆ ಇಲ್ಲಿಗೆ ಹೊಂದುವುದಿಲ್ಲ, ಆದರೆ 24 ಅನ್ನುವ ಸಂಖ್ಯೆಯನ್ನು ತರಗತಿಯನ್ನು ಎರಡು ಪಾಲು ಮಾಡಿ ನಾವೂ ಮುಟ್ಟಬಹುದು. ಮೇಲೆ ಹಾವೇರಿಯ ಮೇಡಂಗೆ ಬರೆದಿದ್ದೇನೆ, ನೋಡಿ.

ಉಪಕರಣ ಕಳಿಸಬೇಡಿ. ಅಲ್ಲಿನದು 120 ವೋಲ್ಟ್, ಇಲ್ಲಿ 230. ಮೊದಲ ದಿನವೇ ಯಾರೋ ಪ್ಲಗ್ ಸಿಕ್ಕಿಸಿ ಸುಟ್ಟುಹಾಕುತ್ತಾರೆ. ಸುಡದಿದ್ದರೂ ಒಂದು ಬಿಡಿಭಾಗ ಹೋದರೆ ಹಾವೇರಿಯಲ್ಲೋ ಹಾಸನದಲ್ಲೋ ಸಿಗುವುದಿಲ್ಲ. ಕೋಣೆ ಒಮ್ಮೆ ಮಾಡಿಸಿ. ಆಮೇಲೆ ಪ್ರತಿ ಜೂನ್ ತಿಂಗಳು ಒಡೆದ ಪ್ರನಾಳ, ಮುಗಿದ ಲಿಟ್ಮಸ್, ಸತ್ತ ಸೆಲ್, ಭಟ್ಟಿ ಇಳಿಸಿದ ನೀರಿನ ಕ್ಯಾನ್ ಇವಕ್ಕೆ ಸ್ವಲ್ಪ ಕಳಿಸಿ. ನೀರಿನ ಕ್ಯಾನ್ ಕೇಳಿ ನಗಬೇಡಿ, ನಿಮ್ಮ ಊರಿನ ಬೋರ್‌ವೆಲ್ ನೀರಲ್ಲಿ ಸಿಲ್ವರ್ ನೈಟ್ರೇಟ್ ಹಾಕಿದರೆ ಬರೀ ನೀರೇ ಹಾಲಿನ ಹಾಗೆ ಬೆಳ್ಳಗಾಗಿ ಪ್ರಯೋಗ ಕೆಡುತ್ತದೆ. ಈ ಖರ್ಚಿಗೆ ಫೋಟೋ, ಫಲಕ, ಶಾಲು ಹಾರ ಯಾವುದೂ ಇರುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, ನಾನು ಒಂಬತ್ತನೇ ತರಗತಿ. ನಮ್ಮ ಶಾಲೆಯಲ್ಲಿ ಲ್ಯಾಬ್ ಇದೆ, ಆದರೆ ಯಾವಾಗಲೂ ಬೀಗ. ಕೀ ಯಾರ ಹತ್ತಿರ ಇದೆ ಅಂತಲೂ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ಪುಟ್ಟಿ, ಕೀ ಮುಖ್ಯ ಶಿಕ್ಷಕರ ಬೀರುವಿನಲ್ಲಿರುತ್ತದೆ, ಆ ಬೀರುವಿನ ಕೀ ಅವರ ಬ್ಯಾಗಿನಲ್ಲಿರುತ್ತದೆ, ಅವರು ಮೀಟಿಂಗಿಗೆ ಹೋಗಿರುತ್ತಾರೆ. ಒಳಗಿನ ಸಾಮಾನಿಗೆಲ್ಲ ಸ್ಟಾಕ್ ಪುಸ್ತಕದಲ್ಲಿ ಅವರ ಸಹಿ ಇದೆ, ಒಂದು ಬೀಕರ್ ಒಡೆದರೂ ಉತ್ತರ ಕೊಡಬೇಕಲ್ಲ ಅಂತ ಭಯ. ನೀನು ಮತ್ತು ಗೆಳತಿಯರು ಸೇರಿ ಒಂದು ಅರ್ಜಿ ಬರೆಯಿರಿ. ‘ಶನಿವಾರ ಕೊನೆಯ ಪೀರಿಯಡ್ ಲ್ಯಾಬ್ ಗುಡಿಸಿ, ಬಾಟಲಿ ಒರೆಸಿ, ಸಾಮಾನಿನ ಪಟ್ಟಿ ಮಾಡಿಕೊಡುತ್ತೇವೆ, ವಿಜ್ಞಾನದ ಟೀಚರ್ ಜೊತೆಗಿರಲಿ’ ಅಂತ. ಪ್ರಯೋಗ ಮಾಡಿಸಿ ಅಂತ ಕೇಳಿದರೆ ನೋಡೋಣ ಅನ್ನುತ್ತಾರೆ. ಗುಡಿಸುತ್ತೇವೆ ಅಂದರೆ ಬೇಡ ಅನ್ನುವ ಹೆಡ್‌ಮಾಸ್ಟರನ್ನು ನಾನು ಕಂಡಿಲ್ಲ. ಒಳಗೆ ಹೋದಾಗ ಲೇಬಲ್ ಇಲ್ಲದ ಬಾಟಲಿ ಮುಟ್ಟಬೇಡ, ಮೂಸಬೇಡ, ಟೀಚರಿಗೆ ತೋರಿಸು. ಮೈಕ್ರೋಸ್ಕೋಪ್ ಸಿಕ್ಕಿದರೆ ಕೆಳಗಿನ ಕನ್ನಡಿ ಕಿಟಕಿ ಕಡೆ ತಿರುಗಿಸಿ, ಒಂದು ಪದರ ಈರುಳ್ಳಿ ಸಿಪ್ಪೆ ಇಟ್ಟು ನೋಡು. ಈರುಳ್ಳಿ ಮನೆಯಿಂದಲೇ ತೆಗೆದುಕೊಂಡು ಹೋಗು.